ಐದು ಲಕ್ಷ ಹದಿನೆಂಟಾದದ್ದು ಗೆಲುವೇ? ಚೆಂಬೂರಿನ ಒಂದು ಫಂಡ್ ಲೆಕ್ಕ

ಚೆಂಬೂರಿನಲ್ಲಿ ನೆಲೆಸಿರುವ ಉಡುಪಿ ಕಡೆಯ ದಂಪತಿ. ಗಂಡ ಮಾಟುಂಗದ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು, ಹೆಂಡತಿ ಶಾಲೆಯೊಂದರ ಕಚೇರಿಯಲ್ಲಿದ್ದವರು. 2013ರ ಡಿಸೆಂಬರ್ ಕೊನೆಗೆ ಪರಿಚಯದ ಏಜೆಂಟರ ಮೂಲಕ ಒಂದು ಲಾರ್ಜ್ ಕ್ಯಾಪ್ (ದೊಡ್ಡ ಕಂಪನಿಗಳ ಷೇರಿನ) ಮ್ಯೂಚುವಲ್ ಫಂಡಿನ ರೆಗ್ಯುಲರ್ ಪ್ಲಾನ್ (ಏಜೆಂಟರ ಕಮಿಷನ್ ಸೇರಿದ್ದು), ಗ್ರೋತ್ ಆಯ್ಕೆಯಲ್ಲಿ (ಲಾಭ ಹಂಚದೆ ಫಂಡಿನಲ್ಲೇ ಉಳಿಸುವುದು) ಗಂಡನ ಹೆಸರಿಗೆ ₹5,00,000 ಇಡುಗಂಟಾಗಿ ಹಾಕಿದರು. 2023ರ ಡಿಸೆಂಬರ್ 29ಕ್ಕೆ ಅದು ₹18,20,000 ಆಗಿತ್ತು.

ಸ್ಟೇಟ್‌ಮೆಂಟ್ ನೋಡಿದ ಅಳಿಯ, "ಮಾವ, ನಿಮ್ಮ ಫಂಡ್ ಸೂಚ್ಯಂಕಕ್ಕೆ ಸೋತಿದೆ" ಅಂದ. "ಐದು ಹಾಕಿದ್ದು ಹದಿನೆಂಟಾಗಿದೆ ಮಾರಾಯ್ರೆ, ಸೋತದ್ದು ಎಲ್ಲಿ?" ಎಂದು ಮಾವ. ಏಜೆಂಟರು ಕೊಟ್ಟ ಒಂದು ಪುಟದ ಹಾಳೆಯಲ್ಲಿ ಫಂಡ್ ನಿಫ್ಟಿಗಿಂತ (ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಮುಂದಿದೆ ಎಂದೇ ಬರೆದಿತ್ತು. ಮೂವರ ಅಂಕಿಗಳಲ್ಲೂ ತಪ್ಪಿಲ್ಲ. ಅವರು ಹೋಲಿಸುತ್ತಿದ್ದ ವಸ್ತುಗಳೇ ಬೇರೆ ಬೇರೆ.

ಇದು ಮಾದರಿ ಪ್ರಕರಣ. ಕುಟುಂಬ, ಫಂಡ್ ಮತ್ತು ಫಂಡಿನ ಅಂಕಿಗಳನ್ನು ಲೆಕ್ಕ ತೋರಿಸಲು ಹೊಂದಿಸಿಕೊಂಡಿದ್ದೇವೆ. ನಿಫ್ಟಿಯ ಅಂಕಗಳು, ನಿಯಮಗಳು, ದಿನಾಂಕಗಳು ಮಾತ್ರ ನಡೆದ ಹಾಗೆಯೇ ಇವೆ. ಭಾರತದಂಥ ಬೆಳೆಯುತ್ತಿರುವ ಮಾರುಕಟ್ಟೆಯಲ್ಲಿ ಫಂಡಿನ ಸಾಧನೆ ಅಳೆಯುವಾಗ ಸಂಶೋಧಕರೂ ಜಾರುವ ಜಾಗಗಳೆಲ್ಲ ಈ ಒಂದು ಫೋಲಿಯೊದಲ್ಲಿ ಸಿಗುತ್ತವೆ.

ಮೊದಲ ಪೆಟ್ಟು: ಯಾವ ನಿಫ್ಟಿ?

2013ರ ಡಿಸೆಂಬರ್ 31ರಂದು ನಿಫ್ಟಿ 50 ಮುಗಿದದ್ದು 6,304ಕ್ಕೆ. 2023ರ ಡಿಸೆಂಬರ್ 29ರಂದು 21,731ಕ್ಕೆ. ಹತ್ತು ವರ್ಷದಲ್ಲಿ 3.447 ಪಟ್ಟು, ಅಂದರೆ ವರ್ಷಕ್ಕೆ ಚಕ್ರಬಡ್ಡಿಯ ಲೆಕ್ಕದಲ್ಲಿ 13.17%. ಐದು ಲಕ್ಷ ಈ ವೇಗದಲ್ಲಿ ಬೆಳೆದಿದ್ದರೆ ₹17.24 ಲಕ್ಷ. ನಮ್ಮ ಫಂಡ್ 3.64 ಪಟ್ಟು, ವರ್ಷಕ್ಕೆ 13.79%. ಏಜೆಂಟರ ಹಾಳೆ ಇಲ್ಲಿಗೆ ನಿಂತಿತ್ತು: ಫಂಡ್ ₹96,000 ಮುಂದೆ.

ಆದರೆ ಟಿವಿಯ ಕೆಳಗೆ ಓಡುವ ಈ ನಿಫ್ಟಿ ಬರೀ ಬೆಲೆಯ ಸೂಚ್ಯಂಕ. ಆ 50 ಕಂಪನಿಗಳು ಹಂಚಿದ ಡಿವಿಡೆಂಡ್ ಅದರಲ್ಲಿಲ್ಲ. ಫಂಡಿನ ಎನ್‌ಎವಿಯಲ್ಲಿ, ಅಂದರೆ ಒಂದು ಯೂನಿಟ್‌ನ ಬೆಲೆಯಲ್ಲಿ, ಆ ಡಿವಿಡೆಂಡ್ ಸೇರಿಯೇ ಇರುತ್ತದೆ. ಒಬ್ಬನ ಸಂಬಳಕ್ಕೆ ಬೋನಸ್ ಸೇರಿಸಿ, ಇನ್ನೊಬ್ಬನದಕ್ಕೆ ಸೇರಿಸದೆ ಯಾರ ದುಡಿಮೆ ಹೆಚ್ಚು ಎಂದು ಕೇಳಿದ ಹಾಗಾಯಿತು. ಡಿವಿಡೆಂಡನ್ನು ಮರುಹೂಡಿದರೆ ಸಿಗುವ ಒಟ್ಟು ಪ್ರತಿಫಲ ಸೂಚ್ಯಂಕ, ಅಂದರೆ ಟಿಆರ್‌ಐ, ಇದೇ ಹತ್ತು ವರ್ಷದಲ್ಲಿ ವರ್ಷಕ್ಕೆ 14.5%ರ ಆಸುಪಾಸು ಬೆಳೆದಿದೆ. 14.5% ಹಿಡಿದರೆ ಐದು ಲಕ್ಷ ₹19.36 ಲಕ್ಷ ಆಗುತ್ತದೆ. ತೊಂಬತ್ತಾರು ಸಾವಿರದ ಮುನ್ನಡೆ ₹1.16 ಲಕ್ಷದ ಹಿನ್ನಡೆಯಾಗಿ ತಿರುಗಿತು. ಫಂಡ್ ಒಂದು ಪೈಸೆಯೂ ಬದಲಾಗಿಲ್ಲ.

ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2018ರ ಜನವರಿ 4ರ ಸುತ್ತೋಲೆಯಲ್ಲಿ ಎಲ್ಲ ಯೋಜನೆಗಳೂ ಟಿಆರ್‌ಐ ಜೊತೆಗೇ ಹೋಲಿಸಿಕೊಳ್ಳಬೇಕೆಂದು ಹೇಳಿತು; ಫೆಬ್ರವರಿ 1ರಿಂದ ಅದು ಜಾರಿ. ಅದಕ್ಕೆ ಮುಂಚಿನ ಫ್ಯಾಕ್ಟ್‌ಶೀಟ್‌ಗಳನ್ನು (ಫಂಡ್ ಕಂಪನಿಗಳ ತಿಂಗಳ ವರದಿ) ಇಟ್ಟುಕೊಂಡು ಮಾಡಿದ ಯಾವ ಅಧ್ಯಯನವನ್ನಾದರೂ ಓದುವಾಗ ಮೊದಲು ನೋಡಬೇಕಾದದ್ದು ಇದನ್ನೇ. ಬೆಲೆಯ ಸೂಚ್ಯಂಕಕ್ಕೆ ಹೋಲಿಸಿ "ಭಾರತದ ಫಂಡ್‌ಗಳು ಮಾರುಕಟ್ಟೆಯನ್ನು ಮೀರಿಸುತ್ತವೆ" ಎಂದು ಬರೆದಿದ್ದರೆ, ಮೀರಿಸಿದ ಅಂತರದಲ್ಲಿ ವರ್ಷಕ್ಕೆ ಸುಮಾರು ಒಂದೂಕಾಲು ಶೇಕಡಾದಷ್ಟು ಬರೀ ಡಿವಿಡೆಂಡೇ ಇರುತ್ತದೆ. ವಿದೇಶದಲ್ಲಿ ನಡೆದ ಅಧ್ಯಯನವಾದರೆ ಇನ್ನೊಂದು ಪ್ರಶ್ನೆ: ಲೆಕ್ಕ ರೂಪಾಯಿಯಲ್ಲೋ ಡಾಲರಿನಲ್ಲೋ? ಈ ಹತ್ತು ವರ್ಷದಲ್ಲಿ ಡಾಲರ್ ಸುಮಾರು ₹62ರಿಂದ ₹83ಕ್ಕೆ ಏರಿತು, ವರ್ಷಕ್ಕೆ ಹತ್ತಿರಹತ್ತಿರ 3%. ನಮ್ಮ ಫಂಡಿನ 13.79% ಡಾಲರಿನಲ್ಲಿ ಹತ್ತೂವರೆಗೆ ಇಳಿಯುತ್ತದೆ. ಎರಡು ಪ್ರಬಂಧಗಳ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಕೂರಿಸುವ ಮುಂಚೆ ಇದನ್ನು ಸರಿಪಡಿಸಿಕೊಳ್ಳದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ.

ಹಿಂದೆ ಬಿದ್ದದ್ದು ಯಾರು, ಫಂಡಿನ ಮ್ಯಾನೇಜರೋ ಕಮಿಷನ್ನೋ?

ಇಲ್ಲಿ ಅಳಿಯನ ತೀರ್ಮಾನವೂ ಅವಸರದ್ದು. 2013ರ ಜನವರಿ 1ರಿಂದ ಪ್ರತಿ ಯೋಜನೆಗೂ ಡೈರೆಕ್ಟ್ ಪ್ಲಾನ್ ಇದೆ. ಷೇರುಗಳು ಅವೇ, ಮ್ಯಾನೇಜರ್ ಅವರೇ. ಏಜೆಂಟರ ಕಮಿಷನ್ ಇಲ್ಲದ್ದರಿಂದ ಖರ್ಚು ಕಡಿಮೆ. ಮಾವ ಹಣ ಹಾಕುವ ಹೊತ್ತಿಗೆ ಡೈರೆಕ್ಟ್ ಬಂದು ಒಂದು ವರ್ಷವಾಗಿತ್ತು, ಯಾರೂ ಹೇಳಲಿಲ್ಲ. ನಮ್ಮ ಫಂಡಿನಲ್ಲಿ ಎರಡು ಪ್ಲಾನ್‌ಗಳ ನಡುವಿನ ಖರ್ಚಿನ ಅಂತರ ವರ್ಷಕ್ಕೆ ಸರಾಸರಿ ಫಂಡಿನ ಮೌಲ್ಯದ 0.9%. ಒಂದು ವರ್ಷಕ್ಕೆ ಕಣ್ಣಿಗೆ ಬೀಳದ ಮೊತ್ತ. ಹತ್ತು ವರ್ಷಕ್ಕೆ ಹೀಗಾಗುತ್ತದೆ:

ರೆಗ್ಯುಲರ್ ಪ್ಲಾನ್, 13.79%: ₹18.20 ಲಕ್ಷ
ಸೂಚ್ಯಂಕ ಫಂಡ್, ಟಿಆರ್‌ಐಗಿಂತ 0.25% ಕಡಿಮೆ, 14.25%: ₹18.95 ಲಕ್ಷ
ಟಿಆರ್‌ಐ, 14.5%: ₹19.36 ಲಕ್ಷ
ಅದೇ ಫಂಡಿನ ಡೈರೆಕ್ಟ್ ಪ್ಲಾನ್, 14.8%: ₹19.90 ಲಕ್ಷ

ಎರಡನೆಯ ಸಾಲು ಮುಖ್ಯ. ಟಿಆರ್‌ಐಯನ್ನು ಯಾರೂ ಕೊಳ್ಳಲಾಗದು. ಕೊಳ್ಳಬಹುದಾದದ್ದು ಸೂಚ್ಯಂಕದ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಇಡುವ ಸೂಚ್ಯಂಕ ಫಂಡ್, ಅದಕ್ಕೂ ಖರ್ಚಿದೆ. 2013ರಲ್ಲಿ ಆ ಖರ್ಚು ಇಂದಿನದಕ್ಕಿಂತ ಹೆಚ್ಚೇ ಇತ್ತು. ಹಾಗಾಗಿ ಮಾವ ನಿಜಕ್ಕೂ ಕಳೆದುಕೊಂಡದ್ದು ಎಷ್ಟು ಎಂದರೆ ₹1.16 ಲಕ್ಷವಲ್ಲ, ₹75,000ದ ಹತ್ತಿರ. ಡೈರೆಕ್ಟ್ ತೆಗೆದುಕೊಳ್ಳದೆ ಹೋದದ್ದಕ್ಕೆ ತೆತ್ತದ್ದು ₹1.70 ಲಕ್ಷ. ಮ್ಯಾನೇಜರ್ ಸೂಚ್ಯಂಕಕ್ಕೆ ಸೋತಿರಲಿಲ್ಲ, ಖರ್ಚು ಸೋಲಿಸಿತು. ಮೈಕೆಲ್ ಜೆನ್ಸನ್ 1968ರಲ್ಲಿ ಅಮೆರಿಕದ 115 ಫಂಡ್‌ಗಳ 1945ರಿಂದ 1964ರವರೆಗಿನ ಲೆಕ್ಕ ತೆಗೆದು ಸರಾಸರಿಯಲ್ಲಿ ಅವು ಮಾರುಕಟ್ಟೆಯನ್ನು ಮೀರಿಸಿಲ್ಲ ಎಂದು ತೋರಿಸಿದ್ದರು. ಮಾರ್ಕ್ ಕಾರ್ಹಾರ್ಟ್ 1997ರಲ್ಲಿ, ಗೆದ್ದ ಫಂಡ್ ಮತ್ತೆ ಗೆಲ್ಲುವಂತೆ ಕಾಣುವುದರ ಹಿಂದೆ ಹೆಚ್ಚಾಗಿ ಇರುವುದು ಖರ್ಚು ಮತ್ತು ಷೇರುಗಳ ಓಟದ ವೇಗ (ಇತ್ತೀಚೆಗೆ ಏರಿದ ಷೇರು ಇನ್ನೂ ಏರುವ ಒಲವು) ಎಂದರು. ಫಂಡ್ ಬಗ್ಗೆ ಒಂದೇ ಅಂಕಿ ಕೇಳಲು ಅವಕಾಶವಿದ್ದರೆ ನಾವು ಕೇಳುವುದು ವಾರ್ಷಿಕ ಖರ್ಚಿನ ಅನುಪಾತವನ್ನೇ. ಹಿಂದಿನ ಪ್ರತಿಫಲ ಮುಂದೆ ಸಿಕ್ಕೀತೆಂಬ ಖಾತ್ರಿ ಇಲ್ಲ. ಖರ್ಚು ಮಾತ್ರ ಪ್ರತಿದಿನವೂ ಕಡಿತವಾಗುತ್ತದೆ.

ಮುಚ್ಚಿಟ್ಟ ಮಿಡ್‌ಕ್ಯಾಪ್

ಡೈರೆಕ್ಟ್ ಪ್ಲಾನ್ ಟಿಆರ್‌ಐಗಿಂತ ವರ್ಷಕ್ಕೆ 0.3% ಮುಂದೆ. ಹತ್ತು ವರ್ಷಕ್ಕೆ ಕೂಡಿ 2.8%. ಹಾಗಾದರೆ ಮ್ಯಾನೇಜರಿಗೆ ಷೇರು ಆರಿಸುವ ಕೈಚಳಕ ಇದೆಯೇ?

ಇದನ್ನು ತಿಳಿಯಲು ಪ್ರತಿಫಲ ನೋಡಿದರೆ ಸಾಲದು, ಬುಟ್ಟಿಯಲ್ಲಿ ಏನಿತ್ತು ನೋಡಬೇಕು. ತಿಂಗಳ ಪೋರ್ಟ್‌ಫೋಲಿಯೊ ಹಾಳೆಗಳನ್ನು ಬಿಚ್ಚಿದರೆ, 2014ರಿಂದ 2017ರವರೆಗೆ ನಮ್ಮ ಲಾರ್ಜ್ ಕ್ಯಾಪ್ ಫಂಡಿನ ಸುಮಾರು 20% ಹಣ ಮಿಡ್‌ಕ್ಯಾಪ್, ಅಂದರೆ ಮಧ್ಯಮ ಗಾತ್ರದ ಕಂಪನಿಗಳ, ಷೇರುಗಳಲ್ಲಿತ್ತು. ಆಗ ಅದನ್ನು ತಡೆಯುವ ಒಂದೇ ಸಮನಾದ ನಿಯಮವಿರಲಿಲ್ಲ. 2014ರಲ್ಲಿ ನಿಫ್ಟಿ 50 31.4% ಏರಿದರೆ ನಿಫ್ಟಿ ಮಿಡ್‌ಕ್ಯಾಪ್ 100 ಸುಮಾರು 56% ಏರಿತು. 2017ರಲ್ಲಿ 28.6%ಗೆ ಎದುರಾಗಿ ಸುಮಾರು 47%. ಐದರಲ್ಲಿ ಒಂದು ಪಾಲು ಹಣ ಅಲ್ಲಿದ್ದರೆ, ಬೇರೇನೂ ಮಾಡದಿದ್ದರೂ, ಈ ಎರಡೇ ವರ್ಷದಲ್ಲಿ ಫಂಡ್ ಸೂಚ್ಯಂಕಕ್ಕಿಂತ 6.5%ಕ್ಕೂ ಹೆಚ್ಚು ಮುಂದೆ ಹೋಗಬೇಕು. 2015, 2016ರಲ್ಲೂ ಮಿಡ್‌ಕ್ಯಾಪ್ ಮುಂದೆಯೇ ಇತ್ತು. ಹತ್ತು ವರ್ಷದ ಕೊನೆಗೆ ಉಳಿದದ್ದು 2.8%. ಅಂದರೆ ಮಿಡ್‌ಕ್ಯಾಪ್ ಕೊಟ್ಟದ್ದನ್ನು ಕಳೆದರೆ ಆಯ್ಕೆಯ ಲೆಕ್ಕ ಶೂನ್ಯಕ್ಕಿಂತ ಕೆಳಗೇ ನಿಲ್ಲುತ್ತದೆ.

ಇದು ಮೋಸವಲ್ಲ. ಮಿಡ್‌ಕ್ಯಾಪ್ ಕೊಂಡದ್ದೂ ಒಂದು ನಿರ್ಧಾರವೇ, ಅದರ ಅಪಾಯವನ್ನೂ ಹೂಡಿಕೆದಾರರೇ ಹೊತ್ತರು. ಆದರೆ ಆ ಏರಿಕೆಯನ್ನು ಒಂದು ಮಿಡ್‌ಕ್ಯಾಪ್ ಸೂಚ್ಯಂಕದಿಂದಲೇ ಪಡೆಯಬಹುದಿತ್ತು. ಅದಕ್ಕೆ ಕೌಶಲದ ಹೆಸರು ಕೊಟ್ಟು ಪ್ರತಿವರ್ಷ ಶುಲ್ಕ ತೆರುವುದು ಬೇಡ ಎಂಬುದು ನಮ್ಮ ವಾದ.

ಸೆಬಿಯ 2017ರ ಅಕ್ಟೋಬರ್ 6ರ ಸುತ್ತೋಲೆ ಇದನ್ನು ಕಟ್ಟಿಹಾಕಿತು. ಒಟ್ಟು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು ಲಾರ್ಜ್ ಕ್ಯಾಪ್, 101ರಿಂದ 250 ಮಿಡ್, 251ರಿಂದಾಚೆ ಸ್ಮಾಲ್. ಲಾರ್ಜ್ ಕ್ಯಾಪ್ ಫಂಡ್ ಕನಿಷ್ಠ 80% ಹಣವನ್ನು ಮೊದಲ ನೂರರಲ್ಲೇ ಇಡಬೇಕು. ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಫಂಡ್ ಕಂಪನಿಗಳ ಸಂಘವಾದ ಆಂಫಿ ಹೊಸದು ಮಾಡುತ್ತದೆ. 2018ರ ನಡುವೆ ಫಂಡ್‌ಗಳು ಇದಕ್ಕೆ ಹೊಂದಿಕೊಂಡವು. ಕೆಲವು ಹೆಸರು ಬದಲಿಸಿದವು, ಕೆಲವು ವಿಲೀನವಾದವು. ಆದ್ದರಿಂದ 2014ರಿಂದ 2023ರವರೆಗಿನ ಒಂದೇ ಗೆರೆಯನ್ನು ಒಂದೇ ಫಂಡ್ ಎಂದು ಓದಬಾರದು. ಹೆಸರು ಒಂದೇ ಇದ್ದರೂ 2018ರ ನಡುವೆ ಒಂದು ಗೆರೆ ಎಳೆದು ಎರಡು ತುಂಡಾಗಿ ಅಳೆಯಬೇಕು.

ಎರಡನೇ ತುಂಡಿನಲ್ಲಿ ಫಂಡಿನ ಪರವಾಗಿ ಹೇಳಬೇಕಾದ ಮಾತೊಂದಿದೆ. ಮ್ಯಾನೇಜರ್ ನಡೆಸುವ ಫಂಡ್ ತನ್ನ ಹಣದ 10%ಕ್ಕಿಂತ ಹೆಚ್ಚನ್ನು ಒಂದೇ ಕಂಪನಿಯ ಷೇರಿನಲ್ಲಿ ಹಾಕುವಂತಿಲ್ಲ. ಸೂಚ್ಯಂಕ ಫಂಡಿಗೆ ಈ ಮಿತಿ ಇಲ್ಲ. 2020ರಲ್ಲಿ ನಿಫ್ಟಿಯಲ್ಲಿ ರಿಲಯನ್ಸ್ ಒಂದರ ತೂಕವೇ 10% ದಾಟಿತ್ತು, ಷೇರೂ ಜೋರಾಗಿ ಏರುತ್ತಿತ್ತು. ಬೇಕೆಂದರೂ ಆ ತೂಕಕ್ಕೆ ಸರಿಸಮ ಹಿಡಿಯಲು ಫಂಡಿಗೆ ಕಾನೂನೇ ಬಿಡುವುದಿಲ್ಲ. ಕೆಲವೇ ಕಂಪನಿಗಳ ಮೇಲೆ ಸೂಚ್ಯಂಕದ ಭಾರ ಬೀಳುವ ಮಾರುಕಟ್ಟೆಗಳಲ್ಲೆಲ್ಲ ಈ ತೊಡಕು ಇದ್ದದ್ದೇ. ಆ ವರ್ಷದ ಹಿನ್ನಡೆಯನ್ನೆಲ್ಲ ಮ್ಯಾನೇಜರಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇದೇ ಕೆಲಸವನ್ನು ಇನ್ನೂ ಕಟ್ಟುನಿಟ್ಟಾಗಿ ಮಾಡಬೇಕೆಂದರೆ ಅಹಮದಾಬಾದಿನ ಐಐಎಂ ಭಾರತದ ಮಾರುಕಟ್ಟೆಗೆಂದೇ ಪ್ರಕಟಿಸುವ ನಾಲ್ಕು ಅಂಶಗಳ ದತ್ತಾಂಶವಿದೆ: ಮಾರುಕಟ್ಟೆ, ಕಂಪನಿಯ ಗಾತ್ರ, ಅಗ್ಗ–ದುಬಾರಿ, ಓಟದ ವೇಗ. ಫಂಡಿನ ತಿಂಗಳ ಪ್ರತಿಫಲದಿಂದ ಟ್ರೆಷರಿ ಬಿಲ್ಲಿನ (ಸರ್ಕಾರದ ಅಲ್ಪಾವಧಿ ಸಾಲಪತ್ರ) ಬಡ್ಡಿ ಕಳೆದು, ಪ್ರತಿಫಲದಲ್ಲಿ ಯಾವ ಅಂಶದ ಪಾಲೆಷ್ಟು ಎಂದು ತೋರಿಸುವ ರಿಗ್ರೆಷನ್ ಲೆಕ್ಕವನ್ನು ಎಕ್ಸೆಲ್‌ನಲ್ಲೇ ನಡೆಸಬಹುದು. ಇಲ್ಲಿ ಅನೇಕರು ಹತ್ತು ವರ್ಷಕ್ಕೂ 6% ಎಂದು ಒಂದೇ ಬಡ್ಡಿ ಹಾಕಿಬಿಡುತ್ತಾರೆ. 91 ದಿನದ ಬಿಲ್ಲು 2014ರಲ್ಲಿ 8%ಕ್ಕೂ ಮೇಲಿತ್ತು, 2020ರ ನಡುವಿನಲ್ಲಿ 4%ಕ್ಕಿಂತ ಕೆಳಗಿತ್ತು. ಆಯಾ ತಿಂಗಳ ದರವನ್ನೇ ಹಾಕಬೇಕು, ಇಲ್ಲದಿದ್ದರೆ ಹೊತ್ತ ಏರಿಳಿತಕ್ಕೆ ಸಿಕ್ಕ ಹೆಚ್ಚುವರಿ ಪ್ರತಿಫಲದ ಅಳತೆಯಾದ ಶಾರ್ಪ್ ಅನುಪಾತ ಒಂದು ಕಾಲಕ್ಕೆ ಉಬ್ಬಿ ಇನ್ನೊಂದಕ್ಕೆ ಕುಗ್ಗುತ್ತದೆ. ಸ್ಮಾಲ್ ಕ್ಯಾಪ್ ಫಂಡ್ ಅಳೆಯುವವರಿಗೆ ಇನ್ನೊಂದು ಎಚ್ಚರಿಕೆ: ವ್ಯವಹಾರ ಕಡಿಮೆ ಇರುವ ಷೇರಿನ ಬೆಲೆ ಮಾರುಕಟ್ಟೆಯ ಹಿಂದೆ ತಡವಾಗಿ ಬರುತ್ತದೆ, ಹಾಗಾಗಿ ಅದರ ಬೀಟಾ (ಮಾರುಕಟ್ಟೆ ಅಲುಗಿದಾಗ ಅದು ಎಷ್ಟು ಅಲುಗುತ್ತದೆ ಎಂಬ ಅಳತೆ) ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಹಿಂದಿನ ತಿಂಗಳ ಮಾರುಕಟ್ಟೆ ಪ್ರತಿಫಲವನ್ನೂ ಸಮೀಕರಣಕ್ಕೆ ಸೇರಿಸಿ ಎರಡೂ ಬೀಟಾ ಕೂಡುವುದು 1979ರಲ್ಲಿ ಡಿಮ್ಸನ್ ತೋರಿಸಿದ ದಾರಿ.

ಹತ್ತು ವರ್ಷ ಸಾಕೇ?

ಸಾಲದು. ಎಷ್ಟು ಸಾಲದು ಎಂಬುದನ್ನು ಲೆಕ್ಕವೇ ಹೇಳುತ್ತದೆ. ಫಂಡ್ ಸೂಚ್ಯಂಕದಿಂದ ವರ್ಷವರ್ಷ ಎಷ್ಟು ಅತ್ತಿತ್ತ ಓಲಾಡುತ್ತದೆ ಎಂಬ ಅಳತೆ, ಟ್ರ್ಯಾಕಿಂಗ್ ಎರರ್, ನಮ್ಮ ಫಂಡಿಗೆ 4%. ಮುನ್ನಡೆ 0.3%. 4ನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ 1.26, 0.3ನ್ನು ಅದರಿಂದ ಭಾಗಿಸಿದರೆ 0.24. ಇದು ಅದೃಷ್ಟವಲ್ಲ ಎನ್ನಲು ಈ ಅಂಕಿ 2ರ ಹತ್ತಿರ ಇರಬೇಕು. ಮುನ್ನಡೆ ಇಷ್ಟೇ ಇದ್ದರೆ ಅಲ್ಲಿಗೆ ಮುಟ್ಟಲು 700ಕ್ಕೂ ಹೆಚ್ಚು ವರ್ಷ ಬೇಕು. ನಿಜವಾಗಿಯೂ ವರ್ಷಕ್ಕೆ ಪೂರ್ತಿ 1% ಮೀರಿಸುವ ಸಮರ್ಥ ಮ್ಯಾನೇಜರ್ ಎಂದೇ ಇಟ್ಟುಕೊಳ್ಳಿ, ಆಗಲೂ 64 ವರ್ಷ. ದೇಶದ ಮೊದಲ ಯೋಜನೆ ಯೂನಿಟ್ 64 ಶುರುವಾದದ್ದು 1964ರಲ್ಲಿ. ಅಂದು ಕುರ್ಚಿಗೆ ಕೂತವರು 2023ರ ಕೊನೆಯವರೆಗೂ ಏಳದಿದ್ದರೂ ಸಾಕ್ಷ್ಯ ಪೂರ್ತಿಯಾಗುತ್ತಿರಲಿಲ್ಲ.

ಮೂರು ವರ್ಷದ ರೋಲಿಂಗ್ ಪ್ರತಿಫಲ, ಅಂದರೆ ಪ್ರತಿ ತಿಂಗಳಿಂದಲೂ ಎಣಿಸಿದ ಮೂರು ವರ್ಷದ ಪ್ರತಿಫಲ, ತೆಗೆದು 85 ಅವಧಿಗಳಲ್ಲಿ ಎಷ್ಟು ಗೆದ್ದಿತು ಎಂದು ಎಣಿಸುವವರಿದ್ದಾರೆ. ಯಾವ ದಿನ ಕೊಂಡರು ಎಂಬ ಅದೃಷ್ಟವನ್ನು ಅದು ಅಳಿಸುತ್ತದೆ, ಆ ಮಟ್ಟಿಗೆ ಒಳ್ಳೆಯದೇ. ಆದರೆ ಆ 85 ಅವಧಿಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಹತ್ತು ವರ್ಷದಲ್ಲಿ ಒಂದಕ್ಕೊಂದು ಅಂಟದ ಮೂರು ವರ್ಷದ ತುಂಡುಗಳು ಮೂರೇ.

ಇನ್ನು, "ಕೆಟಗರಿಯಲ್ಲಿ ನಮ್ಮದು ಮೇಲಿನ ಅರ್ಧದಲ್ಲಿದೆ" ಎಂಬ ಸಮಾಧಾನ. ಇಂದಿನ ಪಟ್ಟಿ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಬದುಕುಳಿದ ಫಂಡ್‌ಗಳು ಮಾತ್ರ. ಕೆಟ್ಟದಾಗಿ ನಡೆದವು ಬೇರೊಂದರಲ್ಲಿ ವಿಲೀನವಾಗಿ ಪಟ್ಟಿಯಿಂದಲೇ ಮಾಯವಾಗಿರುತ್ತವೆ. ಸರಿಯಾದ ಕ್ರಮ ತಿರುಗಾಮುರುಗ. ಆಂಫಿಯ ಎನ್‌ಎವಿ ಇತಿಹಾಸದಿಂದ 2013ರ ಡಿಸೆಂಬರ್ ಕೊನೆಯ ದಿನದ ಪಟ್ಟಿ ಇಳಿಸಿಕೊಂಡು, ಅಂದು ಜೀವಂತವಿದ್ದ ಪ್ರತಿ ಯೋಜನೆಯನ್ನೂ ಅದರ ಕೋಡ್ ಹಿಡಿದು ಮುಂದಕ್ಕೆ ಹಿಂಬಾಲಿಸಬೇಕು. ಹೆಸರು ಹಿಡಿದು ಹುಡುಕಬೇಡಿ, 2018ರಲ್ಲಿ ಹೆಸರುಗಳು ಬಹಳ ಬದಲಾದವು. ವಿಲೀನವಾದ ದಿನದವರೆಗೆ ಆ ಫಂಡಿನ ಲೆಕ್ಕ, ಆಮೇಲೆ ಅದನ್ನು ನುಂಗಿದ ಫಂಡಿನದು. ಗ್ರೋತ್ ಆಯ್ಕೆಯ ಎನ್‌ಎವಿಯನ್ನೇ ಹಿಡಿಯಬೇಕು. ಡಿವಿಡೆಂಡ್ ಆಯ್ಕೆಯಲ್ಲಿ, 2021ರ ಏಪ್ರಿಲ್‌ನಿಂದ ಐಡಿಸಿಡಬ್ಲ್ಯೂ ಎಂದು ಹೆಸರಾದದ್ದರಲ್ಲಿ, ಹಣ ಹಂಚಿದಾಗಲೆಲ್ಲ ಎನ್‌ಎವಿ ಕುಸಿದು ಫಂಡ್ ಸೋತಂತೆ ಕಾಣುತ್ತದೆ. ಈ ಕೆಲಸಕ್ಕೆ ಒಂದೆರಡು ವಾರಾಂತ್ಯ ಹಿಡಿಯುತ್ತದೆ. ಪುರುಸೊತ್ತಿಲ್ಲದವರು ಎಸ್ ಅಂಡ್ ಪಿ ಹೊರತರುವ ಸ್ಪೈವಾ ಇಂಡಿಯಾ ವರದಿ ನೋಡಬಹುದು, ಅದರಲ್ಲಿ ಸತ್ತ ಫಂಡ್‌ಗಳ ಎಣಿಕೆಯೂ ಸೇರಿದೆ.

ಅತ್ತೆಯ ಸಿಪ್

ಈ ಮನೆಯಲ್ಲಿ ಫಂಡಿನ ಆಯ್ಕೆಗೆ ಸಂಬಂಧವೇ ಇಲ್ಲದ ಇನ್ನೊಂದು ದುಬಾರಿ ತಪ್ಪಿತ್ತು. ಅತ್ತೆಯ ಹೆಸರಿನಲ್ಲಿ ತಿಂಗಳಿಗೆ ₹10,000ದ ಸಿಪ್, ಅಂದರೆ ಫಂಡಿಗೆ ತಿಂಗಳು ತಿಂಗಳು ಹೋಗುವ ನಿಗದಿತ ಕಂತು, ನಡೆಯುತ್ತಿತ್ತು. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು 13% ಕುಸಿದು 7,610ಕ್ಕೆ ಇಳಿಯಿತು. ಲಾಕ್‌ಡೌನ್, ಹೋಟೆಲುಗಳಿಗೆ ಬೀಗ, ಮನೆಯಲ್ಲಿ ಭಯ. ಏಪ್ರಿಲ್‌ನಲ್ಲಿ ಸಿಪ್ ನಿಲ್ಲಿಸಿದರು, 2021ರ ಜನವರಿಯಲ್ಲಿ ಮತ್ತೆ ಶುರು ಮಾಡಿದರು. ತಪ್ಪಿದ್ದು ಒಂಬತ್ತು ಕಂತು, ₹90,000, ಅದು ಉಳಿತಾಯ ಖಾತೆಯಲ್ಲೇ ಉಳಿಯಿತು. ಆ ಒಂಬತ್ತು ತಿಂಗಳ ಕೊನೆಯ ನಿಫ್ಟಿ ಅಂಕಗಳನ್ನು, ಏಪ್ರಿಲ್‌ನ 9,860ರಿಂದ ಡಿಸೆಂಬರಿನ 13,982ರವರೆಗೆ, ಹಿಡಿದು ಕಂತು ಹಾಕಿದಂತೆ ಲೆಕ್ಕಿಸಿದರೆ 2023ರ ಕೊನೆಗೆ ಡಿವಿಡೆಂಡ್ ಬಿಟ್ಟೇ ₹1.75 ಲಕ್ಷವಾಗುತ್ತಿತ್ತು. ₹90,000 ನಿಲ್ಲಿಸಿದ್ದಕ್ಕೆ ₹80,000ಕ್ಕೂ ಮೇಲೆ ಕೈತಪ್ಪಿತು. ಐದು ಲಕ್ಷದ ಇಡುಗಂಟು ಸೂಚ್ಯಂಕ ಫಂಡಿಗಿಂತ ಹಿಂದೆ ಬಿದ್ದದ್ದಕ್ಕಿಂತ ಇದು ದೊಡ್ಡದು.

ಫಂಡಿನ ಪ್ರತಿಫಲ ಬೇರೆ, ಹೂಡಿದವರಿಗೆ ಸಿಕ್ಕ ಪ್ರತಿಫಲ ಬೇರೆ. ಮೊದಲನೆಯದು ಎನ್‌ಎವಿಯಿಂದ ಸಿಗುತ್ತದೆ. ಎರಡನೆಯದಕ್ಕೆ ಹೂಡಿಕೆದಾರರ ಲೆಕ್ಕ ಇಡುವ ಸಂಸ್ಥೆಗಳಾದ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಕಳಿಸುವ ಕ್ರೋಡೀಕೃತ ಸ್ಟೇಟ್‌ಮೆಂಟಿನ ಪ್ರತಿ ಕಂತನ್ನೂ ದಿನಾಂಕದೊಂದಿಗೆ ಇಳಿಸಿ, ಬೇರೆ ಬೇರೆ ದಿನ ಹಾಕಿದ ಹಣಕ್ಕೆ ವಾರ್ಷಿಕ ದರ ಕೊಡುವ ಎಕ್ಸೆಲ್‌ನ ಎಕ್ಸ್‌ಐಆರ್‌ಆರ್ ಸೂತ್ರ ಹಾಕಬೇಕು. ಕಟ್ಟಿದ ಹಣಕ್ಕೆ ಮೈನಸ್ ಚಿಹ್ನೆ, ಕೊನೆಯ ಸಾಲಿನಲ್ಲಿ ಇಂದಿನ ಮೌಲ್ಯಕ್ಕೆ ಪ್ಲಸ್. ಚಿಹ್ನೆ ಮರೆತರೆ ಸೂತ್ರ ದೋಷ ತೋರಿಸುತ್ತದೆ. ಎಕ್ಸ್‌ಐಆರ್‌ಆರ್ ಅಂಕಿಯನ್ನು ಸೂಚ್ಯಂಕದ ಹತ್ತು ವರ್ಷದ ದರಕ್ಕೆ ನೇರವಾಗಿ ಹೋಲಿಸಬೇಡಿ. ಅದೇ ದಿನಾಂಕ, ಅದೇ ಮೊತ್ತ ಟಿಆರ್‌ಐಗೆ ಹಾಕಿದಂತೆ ಎರಡನೇ ಕಾಲಂ ಮಾಡಿ, ಅದರ ಎಕ್ಸ್‌ಐಆರ್‌ಆರ್‌ಗೆ ಹೋಲಿಸಿ.

ತೆರಿಗೆ ಕಟ್ಟಿ ಬದಲಿಸಬೇಕೇ?

ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಹೋಗುವುದು ಅದೇ ಫಂಡಿನೊಳಗಾದರೂ ಮಾರಾಟವೇ, ತೆರಿಗೆ ಬೀಳುತ್ತದೆ. ಒಂದು ವರ್ಷ ದಾಟಿದ್ದರಿಂದ ಇಲ್ಲಿ ಎಕ್ಸಿಟ್ ಲೋಡ್ (ಬೇಗ ಹಣ ತೆಗೆದರೆ ಫಂಡ್ ಹಿಡಿಯುವ ಶುಲ್ಕ) ಇರಲಿಲ್ಲ. 2018ರ ಜನವರಿ 31ರವರೆಗಿನ ಲಾಭಕ್ಕೆ ವಿನಾಯಿತಿ ಇದೆ. ಅಂದಿನ ಮೌಲ್ಯ ₹9.20 ಲಕ್ಷವನ್ನೇ ಕೊಂಡ ಬೆಲೆ ಎಂದು ಹಿಡಿದರೆ ತೆರಿಗೆಗೆ ಒಳಪಡುವ ಲಾಭ ₹9 ಲಕ್ಷ. 2024ರ ಆರಂಭದ ನಿಯಮದಂತೆ ₹1 ಲಕ್ಷ ಬಿಟ್ಟು ಉಳಿದದ್ದಕ್ಕೆ 10%, ಮೇಲೆ 4% ಸೆಸ್: ₹83,200. ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ವರ್ಷಕ್ಕೆ ಉಳಿಯುವ ಕಮಿಷನ್ ₹15,600ರಷ್ಟು, ಕಟ್ಟಿದ ತೆರಿಗೆಯಷ್ಟು ಹಣ ವಾಪಸ್ ಬರಲು ಐದು ವರ್ಷ ದಾಟಬೇಕು. ಆ ತೆರಿಗೆ ಎಂದಾದರೂ ಕಟ್ಟಲೇಬೇಕಾದದ್ದು, ಹಾಗಾಗಿ ನಿಜವಾದ ಹೊರೆ ಇದಕ್ಕಿಂತ ಹಗುರ. ಆದರೂ ಅರವತ್ತು ದಾಟಿದವರಿಗೆ ಒಮ್ಮೆಲೇ ಕಟ್ಟಿ ಎನ್ನುವುದು ಬೇಕಿಲ್ಲ.

ಲಾಭ ಒಟ್ಟು ಮೌಲ್ಯದ 49.5% ಇದ್ದದ್ದರಿಂದ ₹2 ಲಕ್ಷ ತೆಗೆದರೆ ಲಾಭ ₹99,000, ವಿನಾಯಿತಿಯೊಳಗೆ. ಬೇರೆ ಷೇರು ಲಾಭವಿಲ್ಲದ ಮಾವ 2024ರ ಮಾರ್ಚ್ ಮೂರನೇ ವಾರದಲ್ಲಿ ₹2 ಲಕ್ಷ, ಹೊಸ ಹಣಕಾಸು ವರ್ಷ ಹುಟ್ಟಿದ ಏಪ್ರಿಲ್‌ನಲ್ಲಿ ಇನ್ನೂ ಸುಮಾರು ₹2 ಲಕ್ಷ ತೆಗೆದು ಸೂಚ್ಯಂಕ ಫಂಡಿನ ಡೈರೆಕ್ಟ್ ಪ್ಲಾನ್‌ಗೆ ಹಾಕಿದರು. ಒಂದು ತಿಂಗಳ ಒಳಗೆ ನಾಲ್ಕು ಲಕ್ಷ, ತೆರಿಗೆ ಸೊನ್ನೆ. ಮಾರ್ಚ್ 31ರವರೆಗೆ ಕಾಯಬಾರದು. ರಿಡೆಂಪ್ಶನ್‌ನ, ಅಂದರೆ ಯೂನಿಟ್ ಮಾರಿ ಹಣ ಪಡೆಯುವ ವ್ಯವಹಾರದ, ಎನ್‌ಎವಿ ದಿನಾಂಕ ಏಪ್ರಿಲ್‌ಗೆ ಜಾರಿದರೆ ಎರಡೂ ಒಂದೇ ವರ್ಷದ ಖಾತೆಗೆ ಬಿದ್ದು ವಿನಾಯಿತಿ ಒಂದು ಹೋಗುತ್ತದೆ. 2024ರ ಜುಲೈ 23ರಿಂದ ದರ 12.5% ಆಯಿತು, ವಿನಾಯಿತಿ ₹1.25 ಲಕ್ಷಕ್ಕೆ ಏರಿತು. ಅಲ್ಲಿಂದ ಮುಂದೆ ಪ್ರತಿವರ್ಷ ಎಷ್ಟು ತೆಗೆಯಬಹುದೆಂದು ತಿಳಿಯಲು ₹1.25 ಲಕ್ಷವನ್ನು ಆ ದಿನದ ಲಾಭದ ಪಾಲಿನಿಂದ ಭಾಗಿಸಿದರಾಯಿತು. ಎನ್‌ಎವಿ ಏರಿದಂತೆ ಲಾಭದ ಪಾಲು ಹಿಗ್ಗಿ ತೆಗೆಯಬಹುದಾದ ಮೊತ್ತ ಕುಗ್ಗುತ್ತದೆ, ಹಾಗಾಗಿ ಹಳೆಯ ವರ್ಷದ ಅಂಕಿಯನ್ನೇ ಮತ್ತೆ ಬರೆಯಬಾರದು.

ಅತ್ತೆಯ ಹೊಸ ಕಂತುಗಳು 2024ರ ಫೆಬ್ರವರಿಯಿಂದಲೇ ಡೈರೆಕ್ಟ್‌ಗೆ ಹೋಗುತ್ತಿವೆ. ಹಳೆಯ ಯೂನಿಟ್‌ಗಳಿಗೆ ಅವರದೇ ಪ್ಯಾನ್, ಅವರದೇ ವಿನಾಯಿತಿ. ಇನ್ನೊಮ್ಮೆ ಸಿಪ್ ನಿಲ್ಲದಿರಲೆಂದು ಕಂತು ಕಡಿತವಾಗುವ ಖಾತೆಯಲ್ಲಿ ಆರು ತಿಂಗಳ ಕಂತಿನಷ್ಟು, ₹60,000, ಬೇರೆಯಾಗಿ ಇಟ್ಟಿದ್ದಾರೆ.